ಯಾವ ವಂಕಿ? ಉತ್ತರ ನಿಮ್ಮ ಪತ್ರದ ಅಂಚಿನಲ್ಲೇ ಇದೆ

ಪ್ರೀತಿಯ ತಂಗಿ,

ಹೆಸರು ಹಾಕಬೇಡಿ ಎಂದು ಎರಡು ಸಲ ಬರೆದಿದ್ದೀರಿ. ಖಂಡಿತ ಹಾಕುವುದಿಲ್ಲ. ಕೊಡಗಿನ ಸುಂಟಿಕೊಪ್ಪದ ಕಡೆಯವರು ಎಂದಷ್ಟೇ ಹೇಳುತ್ತೇನೆ. ಅಲ್ಲಿ ಎಷ್ಟೋ ತೋಟ, ಎಷ್ಟೋ ಮನೆ.

ಉಳಿದ ಓದುಗರಿಗಾಗಿ ನಿಮ್ಮ ಪತ್ರವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ನಿಮಗೆ 34 ವರ್ಷ. ಕಾಫಿ ತೋಟದ ಕೆಲಸ. ಇಬ್ಬರು ಮಕ್ಕಳು, ಚಿಕ್ಕವನಿಗೆ ನಾಲ್ಕು. ಸದ್ಯಕ್ಕೆ ಇನ್ನೊಂದು ಮಗು ಬೇಡ, ಮುಂದಿನದು ಗೊತ್ತಿಲ್ಲ. ಆಸ್ಪತ್ರೆಯ ಸಿಸ್ಟರ್ "ಕಾಪರ್ ಟಿ ಹಾಕಿಸ್ಕೊಳ್ಳಿ, ದುಡ್ಡಿಲ್ಲ, ಹತ್ತು ವರ್ಷ ಚಿಂತೆಯಿಲ್ಲ" ಎಂದರು. ಮಡಿಕೇರಿಯಲ್ಲಿ ತೋರಿಸಿದ ಡಾಕ್ಟರಮ್ಮ ಹಾರ್ಮೋನ್ ಇರುವ ವಂಕಿ ಹಾಕಿಸಿ ಎಂದರು. (ವಂಕಿ ಅಂದರೆ ಬಸಿರು ನಿಲ್ಲದಂತೆ ಗರ್ಭಕೋಶದೊಳಗೆ ಇಡುವ ಚಿಕ್ಕ ಸಾಧನ. ಕಾಪರ್ ಟಿಯೂ ಒಂದು ವಂಕಿಯೇ.) ಅದಕ್ಕೆ ಸಾವಿರಾರು ರೂಪಾಯಿ. ಅತ್ತೆ ಆಪರೇಷನ್ ಮಾಡಿಸಿಬಿಡು ಎನ್ನುತ್ತಾರೆ. ಪಕ್ಕದ ಮನೆಯ ಅಕ್ಕ, ಹಾರ್ಮೋನಿನದ್ದು ಹಾಕಿಸಿದರೆ ಮುಟ್ಟು ನಿಂತು ಕೆಟ್ಟ ರಕ್ತ ಒಳಗೇ ಉಳಿಯುತ್ತದೆ ಎಂದು ಹೆದರಿಸಿದ್ದಾರೆ. "ಎರಡರಲ್ಲಿ ಯಾವುದು ಒಳ್ಳೆಯದು, ಒಂದೇ ಮಾತಲ್ಲಿ ಹೇಳಿ ಮೇಡಂ" ಎಂದು ಕೇಳಿದ್ದೀರಿ.

ಆಮೇಲೆ ಸಹಿಯೂ ಆದ ಮೇಲೆ, ಜಾಗ ಸಾಲದೆ ಹಾಳೆಯ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಹೀಗೆ ಬರೆದಿದ್ದೀರಿ: "ಮೊದಲ ಎರಡು ದಿನ ಎರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕು. ಏಳೆಂಟು ದಿನ ಹೋಗುತ್ತದೆ. ರಕ್ತ 9.2 ಇದೆ ಅಂದರು. ಇದಕ್ಕೂ ಅದಕ್ಕೂ ಸಂಬಂಧ ಇಲ್ಲ ಅಂದುಕೊಂಡಿದ್ದೇನೆ."

ಸಂಬಂಧ ಇದೆ ತಂಗಿ. ನಿಮ್ಮ ಇಡೀ ಪತ್ರದಲ್ಲಿ ಮುಖ್ಯವಾದ ಮಾತೇ ಅದು. ಈ ಎರಡು ವಂಕಿಗಳಲ್ಲಿ ಎಲ್ಲರಿಗೂ ಒಳ್ಳೆಯದು ಎಂಬುದು ಇಲ್ಲ. ಗರ್ಭ ತಡೆಯುವುದರಲ್ಲಿ ಎರಡೂ ಗಟ್ಟಿಯೇ. ಹಾಕಿಸಿಕೊಂಡ ನೂರು ಹೆಂಗಸರಲ್ಲಿ ಮೊದಲ ವರ್ಷ ಒಬ್ಬರಿಗೂ ಬಸಿರು ನಿಲ್ಲುವುದು ಅಪರೂಪ. ಇವೆರಡಕ್ಕೂ ಇರುವ ದೊಡ್ಡ ವ್ಯತ್ಯಾಸ ಪ್ರತಿ ತಿಂಗಳು ಹೋಗುವ ರಕ್ತದಲ್ಲಿದೆ. ಕಾಪರ್ ಟಿ ಅದನ್ನು ಜಾಸ್ತಿ ಮಾಡುತ್ತದೆ, ಹಾರ್ಮೋನಿನದ್ದು ಕಡಿಮೆ ಮಾಡುತ್ತದೆ. ಹಾಗಾಗಿ ಮೊದಲು ನೋಡಬೇಕಾದದ್ದು ನಿಮ್ಮ ಮುಟ್ಟನ್ನು, ವಂಕಿಯನ್ನು ಆಮೇಲೆ.

ನನ್ನದೇ ಒಂದು ಅನುಭವ ಹೇಳುತ್ತೇನೆ. ಮೊದಲ ಹೆರಿಗೆಯಾಗಿ ಆರು ತಿಂಗಳಿಗೆ ನಾನೂ ಕಾಪರ್ ಟಿ ಹಾಕಿಸಿಕೊಂಡೆ. ಅಲ್ಲಿನ ಸಿಸ್ಟರ್ ತೋರಿಸುವುದಕ್ಕೆಂದೇ ಇಟ್ಟಿದ್ದ ಒಂದನ್ನು ನನ್ನ ಅಂಗೈ ಮೇಲಿಟ್ಟರು. ಬೆಂಕಿಕಡ್ಡಿಗಿಂತ ಗಿಡ್ಡ. ಬಿಳಿ ಪ್ಲಾಸ್ಟಿಕ್ಕಿನ ಟಿ ಅಕ್ಷರ, ಬಾಗಿಸಿದರೆ ಬಾಗುತ್ತಿತ್ತು. ಅದರ ಕಾಲಿಗೆ ತೆಳ್ಳನೆ ತಾಮ್ರದ ತಂತಿ, ಹೊಲಿಗೆ ಮೆಷಿನ್ನಿನ ಉರುಳೆಗೆ ದಾರ ಸುತ್ತಿದಷ್ಟು ಒತ್ತಾಗಿ ಸುತ್ತಿತ್ತು. ಎರಡು ಕೈಗೂ ತಾಮ್ರದ ಚಿಕ್ಕ ಪಟ್ಟಿ. ಕೆಳಗೆ ಜೋಲುವ ಎರಡು ದಾರ. "ಇಷ್ಟೇನಾ!" ಅನಿಸಿತು. ಹತ್ತು ನಿಮಿಷದೊಳಗೆ ಕೆಲಸ ಮುಗಿಯಿತು. ಆದರೆ ಮೊದಲ ಮೂರರಿಂದ ಆರು ತಿಂಗಳು ಸ್ರಾವವೂ ಹೊಟ್ಟೆನೋವೂ ಜಾಸ್ತಿ ಇರುತ್ತದೆ, ಆಮೇಲೆ ಬಹಳಷ್ಟು ಜನರಿಗೆ ತಗ್ಗುತ್ತದೆ ಎಂಬ ಒಂದು ಮಾತನ್ನು ಅಲ್ಲಿ ಯಾರೂ ಹೇಳಲಿಲ್ಲ. ಎರಡನೇ ತಿಂಗಳ ಮುಟ್ಟಿಗೆ ನಾನು ಹೆದರಿಹೋದೆ. ಒಳಗೆ ಏನೋ ಗಾಯವಾಗಿದೆ ಅಂದುಕೊಂಡು ಹೋಗಿ ತೆಗೆಸಿಬಿಟ್ಟೆ. ಬದಲಿಗೆ ಏನು ಮಾಡಬೇಕು ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆರೇ ತಿಂಗಳಿಗೆ ಮತ್ತೆ ಬಸುರಿ. ಮಗಳನ್ನು ಅಕ್ಕರೆಯಿಂದಲೇ ಸಾಕಿದೆ. ಆದರೆ ಆ ಎರಡು ವರ್ಷ ಮೆಟ್ಟಿಲು ಹತ್ತಿದರೆ ಏದುಸಿರು, ಕೂತರೆ ಏಳಲಾಗದ ಸುಸ್ತು. ಒಂದು ಮಾತು ಮೊದಲೇ ಗೊತ್ತಿದ್ದರೆ ಸಾಕಿತ್ತು. ನಿಮಗೆ ಇಷ್ಟುದ್ದ ಬರೆಯುತ್ತಿರುವುದಕ್ಕೆ ಅದೇ ಕಾರಣ.

ಈಗ ಒಂದೊಂದಾಗಿ.

ಕಾಪರ್ ಟಿಯಲ್ಲಿ ಔಷಧಿ ಏನೂ ಇಲ್ಲ. ತಾಮ್ರದಿಂದ ಬಿಡುಗಡೆಯಾಗುವ ಕಣಗಳು ಗರ್ಭಕೋಶದೊಳಗೆ ವೀರ್ಯಾಣುಗಳನ್ನು ಸೋಲಿಸುತ್ತವೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುವುದು ಎರಡು ಬಗೆ. 380 ಎ ಎಂಬುದು 10 ವರ್ಷಕ್ಕೆ, 375 ಎಂಬುದು 5 ವರ್ಷಕ್ಕೆ. ಆ ಸಂಖ್ಯೆ ತಾಮ್ರದ ಅಳತೆ, ಚದರ ಮಿಲಿಮೀಟರಿನಲ್ಲಿ. ನಿಮಗೆ ಯಾವುದು ಹಾಕಿದರು ಎಂದು ಕಾರ್ಡಿನಲ್ಲಿ ಬರೆಸಿಕೊಳ್ಳಿ, ಎಷ್ಟೋ ಜನ ಮರೆತು ಹದಿನೈದು ವರ್ಷ ಹಾಗೇ ಇಟ್ಟುಕೊಂಡಿರುತ್ತಾರೆ. ಮುಟ್ಟು ಹದವಾಗಿ ಬರುವವರಿಗೆ, ಮೈಯಲ್ಲಿ ರಕ್ತ ಚೆನ್ನಾಗಿರುವವರಿಗೆ, ಹಾರ್ಮೋನ್ ಬೇಡವೆನ್ನುವವರಿಗೆ ಇದು ಬಹಳ ಒಳ್ಳೆಯ ಸಾಧನ. ನಾನು ಇದನ್ನು ದೂರುತ್ತಿಲ್ಲ. ನಿಮ್ಮ ಸಿಸ್ಟರ್ ಹೇಳಿದ್ದೂ ತಪ್ಪಲ್ಲ, ನಿಮ್ಮ ಮುಟ್ಟಿನ ವಿಷಯ ಅವರಿಗೆ ನೀವು ಹೇಳಿರಲಿಕ್ಕಿಲ್ಲ ಅಷ್ಟೇ.

ಹಾರ್ಮೋನಿನ ವಂಕಿಯೂ ಟಿ ಆಕಾರದ್ದೇ. ತಾಮ್ರದ ಬದಲು ಕಾಲಿಗೆ ಒಂದು ಚಿಕ್ಕ ಕೊಳವೆ, ಅದರಲ್ಲಿ ಲಿವೊನಾರ್ಜೆಸ್ಟ್ರೆಲ್ ಎಂಬ ಹಾರ್ಮೋನ್ 52 ಮಿಲಿಗ್ರಾಂ. ದಿನಕ್ಕೆ ಸುಮಾರು 20 ಮೈಕ್ರೋಗ್ರಾಂ ಒಳಗೇ ಬಿಡುತ್ತಾ ಹೋಗುತ್ತದೆ, ವರ್ಷ ಕಳೆದಂತೆ ಇನ್ನೂ ಕಡಿಮೆ. ಅದು ಎಷ್ಟು ಸಣ್ಣ ಪ್ರಮಾಣ ಅಂದರೆ, ಮೆಡಿಕಲ್ ಶಾಪಿನಲ್ಲಿ "72 ಗಂಟೆಯ ಮಾತ್ರೆ" ಎಂದು ಕೊಡುತ್ತಾರಲ್ಲ, ಅದರಲ್ಲಿರುವುದೂ ಇದೇ ಹಾರ್ಮೋನ್, ಒಂದೇ ಮಾತ್ರೆಯಲ್ಲಿ 1.5 ಮಿಲಿಗ್ರಾಂ. ಈ ವಂಕಿ ಅಷ್ಟನ್ನು ಬಿಡಲು 75 ದಿನ ಬೇಕು. ಇದು ಗರ್ಭಕೋಶದ ಬಾಯಿಯ ಲೋಳೆಯನ್ನು ಗಟ್ಟಿ ಮಾಡಿ ವೀರ್ಯಾಣು ಹೋಗದಂತೆ ತಡೆಯುತ್ತದೆ. ಒಳಪದರವನ್ನು ತೆಳ್ಳಗೆ ಇಡುತ್ತದೆ. ಪದರ ತೆಳ್ಳಗಾದರೆ ಉದುರುವುದೂ ಕಡಿಮೆ. ಅತಿ ಸ್ರಾವಕ್ಕೆ ಚಿಕಿತ್ಸೆಯಾಗಿಯೇ ಡಾಕ್ಟರುಗಳು ಇದನ್ನು ಹಾಕುತ್ತಾರೆ. ಬಹುಕಾಲ ಇದಕ್ಕೆ 5 ವರ್ಷದ ಲೆಕ್ಕ ಇತ್ತು, ಅಮೆರಿಕದಲ್ಲಿ ಈಗ 8 ವರ್ಷದವರೆಗೆ ಒಪ್ಪಿಗೆ ಸಿಕ್ಕಿದೆ. ನಿಮಗೆ ಹಾಕುವುದರ ಪೊಟ್ಟಣದ ಮೇಲೆ ಎಷ್ಟು ಬರೆದಿದೆಯೋ ಅಷ್ಟನ್ನೇ ಹಿಡಿಯಿರಿ.

ಇನ್ನು ಪಕ್ಕದ ಮನೆಯ ಅಕ್ಕನ ಮಾತು. ಹಾರ್ಮೋನಿನದ್ದು ಹಾಕಿಸಿಕೊಂಡವರಲ್ಲಿ ಒಂದು ವರ್ಷದ ಹೊತ್ತಿಗೆ ಐವರಲ್ಲಿ ಒಬ್ಬರಿಗೆ ಮುಟ್ಟು ನಿಂತೇಹೋಗುತ್ತದೆ. ಅದು ನಿಜ. ಆದರೆ ಕೆಟ್ಟ ರಕ್ತ ಒಳಗೆ ಕೂಡಿಕೊಳ್ಳುವುದು ಎಲ್ಲಿಂದ? ನೀವು ತೋಟದವರು, ನಿಮಗೆ ಹೇಳುವುದು ಸುಲಭ. ಹೂಮಳೆ ಬಾರದ ವರ್ಷ ಗಿಡದಲ್ಲಿ ಹಣ್ಣು ಇರುವುದಿಲ್ಲ ಅಲ್ವಾ? ಆ ಹಣ್ಣು ಎಲ್ಲೋ ರೆಂಬೆಯೊಳಗೆ ಅಡಗಿ ಕೂತಿದೆ ಎಂದು ಯಾರಾದರೂ ಹೇಳುತ್ತಾರಾ? ಕಟ್ಟಲೇ ಇಲ್ಲ, ಹಾಗಾಗಿ ಇಲ್ಲ. ಇದೂ ಹಾಗೇ. ಪದರ ಬೆಳೆಯುವುದೇ ಇಲ್ಲ, ಉದುರಲು ಏನೂ ಇರುವುದಿಲ್ಲ. ವಂಕಿ ತೆಗೆಸಿದರೆ ಮುಟ್ಟು ಮರಳುತ್ತದೆ, ಮಗು ಬೇಕೆಂದರೆ ಬಸಿರೂ ನಿಲ್ಲುತ್ತದೆ. ಕಾಪರ್ ಟಿಗೂ ಈ ಮಾತು ಸಲ್ಲುತ್ತದೆ.

ಹಾರ್ಮೋನಿನದಕ್ಕೆ ಕಷ್ಟವೇ ಇಲ್ಲ ಎನ್ನುವುದಿಲ್ಲ. ಮೊದಲ ಮೂರರಿಂದ ಆರು ತಿಂಗಳು ಲೆಕ್ಕವಿಲ್ಲದೆ ಸ್ವಲ್ಪ ಸ್ವಲ್ಪ ರಕ್ತದ ಕಲೆಯಾಗುತ್ತಿರುತ್ತದೆ. ಇವತ್ತು ಇದೆ, ನಾಳೆ ಇಲ್ಲ, ನಾಡಿದ್ದು ಮತ್ತೆ. ಕೆಲವರಿಗೆ ಮೊಡವೆ, ತಲೆನೋವು, ಸ್ತನ ಬಿಗಿದಂತಾಗುವುದು. ಈ ಕಲೆಯ ವಿಷಯವನ್ನು ಡಾಕ್ಟರುಗಳು ಒಂದೇ ವಾಕ್ಯದಲ್ಲಿ ಮುಗಿಸುತ್ತಾರೆ, ನಮ್ಮ ಮನೆಗಳಲ್ಲಿ ಅದು ಅಷ್ಟು ಸುಲಭವಲ್ಲ. ಮುಟ್ಟಾದವರು ದೇವರ ಕೋಣೆಗೆ ಹೋಗುವಂತಿಲ್ಲ ಎನ್ನುವ ಮನೆಯಲ್ಲಿ, ತಿಂಗಳಲ್ಲಿ ಹದಿನೈದು ದಿನ ಕಲೆ ಕಂಡರೆ ಏನು ಮಾಡುವುದು? ಕಾವೇರಿ ಸಂಕ್ರಮಣ ಬಂತು, ಪುತ್ತರಿ ಹಬ್ಬ ಬಂತು, ಹೊರಗೇ ನಿಲ್ಲಬೇಕಾ? ಎಷ್ಟೋ ಹೆಂಗಸರು ವಂಕಿ ತೆಗೆಸುವುದು ಇದೇ ಕಾರಣಕ್ಕೆ. ನನ್ನ ಮಟ್ಟಿಗೆ ಹೇಳುವುದಾದರೆ, ಔಷಧಿಯಿಂದ ಆಗುವ ಕಲೆ ಮುಟ್ಟಲ್ಲ, ಮುಟ್ಟಾದರೂ ಯಾರೂ ಹೊರಗೆ ನಿಲ್ಲಬೇಕಾಗಿಲ್ಲ. ಆದರೆ ಆ ಮನೆಯಲ್ಲಿ ಬದುಕುವವರು ನೀವು. ಹಾಕಿಸಿಕೊಳ್ಳುವ ಮುನ್ನವೇ ಅತ್ತೆಯ ಹತ್ತಿರ ಕೂತು, "ನಾಲ್ಕೈದು ತಿಂಗಳು ಹೀಗಿರುತ್ತದಂತೆ, ಆಮೇಲೆ ಸರಿಹೋಗುತ್ತದಂತೆ" ಎಂದು ಹೇಳಿಬಿಡಿ. ಆಪರೇಷನ್ ಎಂದು ಧೈರ್ಯವಾಗಿ ಹೇಳಿದ ಅತ್ತೆ ಇದನ್ನೂ ಕೇಳಿಸಿಕೊಂಡಾರು.

ಆಪರೇಷನ್ ಬಗ್ಗೆಯೂ ಒಂದು ಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದುವೆಯಾದ ನೂರು ಹೆಂಗಸರಲ್ಲಿ ಸುಮಾರು 38 ಮಂದಿ ಆಪರೇಷನ್ ಮಾಡಿಸಿಕೊಂಡವರು. ವಂಕಿ ಇರುವವರು ಇಬ್ಬರು. ಗಂಡ ಆಪರೇಷನ್ ಮಾಡಿಸಿಕೊಂಡದ್ದು ನೂರಕ್ಕೆ ಒಂದೂ ಇಲ್ಲ, 0.3. ಗಂಡಸರದ್ದು ಹೊಟ್ಟೆ ಕೊಯ್ಯದೆ ಕೆಲವೇ ನಿಮಿಷಗಳಲ್ಲಿ ಮುಗಿಯುವ ಕೆಲಸ, ಆದರೂ ಭಾರವೆಲ್ಲ ಹೆಂಗಸಿನ ಮೇಲೆ. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ. ಇರಲಿ. ನಿಮಗೆ ಮುಂದಿನದು ಗೊತ್ತಿಲ್ಲ ಎಂದ ಮೇಲೆ ಆಪರೇಷನ್ ಈಗ ಬೇಡ. ಟ್ಯೂಬು ಕಟ್ಟಿದರೆ ನಿಮ್ಮ ಸ್ರಾವವೇನೂ ಕಡಿಮೆಯಾಗುವುದಿಲ್ಲ.

ಈಗ 9.2ರ ವಿಷಯ. ಬಸುರಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12 ಇರಬೇಕು. ಅದೇ ಸಮೀಕ್ಷೆಯಲ್ಲಿ ಕರ್ನಾಟಕದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ರಕ್ತ ಕಡಿಮೆ ಎಂದು ಬಂದಿದೆ. ಎಲ್ಲರಿಗೂ ಇದೆ ಎಂದು ನೀವು ಸುಮ್ನೆ ಕೂರಬೇಡಿ. ಇಳಿಜಾರಿನಲ್ಲಿ ಚೀಲ ಹೊತ್ತು ನಡೆಯುವವರು ನೀವು. ಇಂಥ ಮೈಗೆ ತಿಂಗಳ ಸ್ರಾವ ಇನ್ನೂ ಹೆಚ್ಚಿಸುವ ಸಾಧನ ಬೇಡ ಎಂಬುದು ನನ್ನ ಅಭಿಪ್ರಾಯ. ರಕ್ತ ಕಡಿಮೆ ಇದ್ದವರು ಕಾಪರ್ ಟಿ ಹಾಕಿಸಲೇಬಾರದು ಎಂಬ ನಿಯಮವಿಲ್ಲ, ಹಾಕಿಸಿಕೊಂಡು ಮಾತ್ರೆ ತಿಂದು ನಿಭಾಯಿಸುವವರಿದ್ದಾರೆ. ನಿಮ್ಮ ಡಾಕ್ಟರಮ್ಮ ಹಾರ್ಮೋನಿನದ್ದು ಹೇಳಿದ್ದು ದುಡ್ಡಿನಾಸೆಗೆ ಎಂದು ಅನುಮಾನ ಪಟ್ಟಿದ್ದೀರಿ. ನಿಮ್ಮ ಲೆಕ್ಕ ನೋಡಿದರೆ ಅವರು ಸರಿಯಾಗಿಯೇ ಹೇಳಿದ್ದಾರೆ ಅನಿಸುತ್ತದೆ.

ಆದರೆ ಎರಡರಲ್ಲಿ ಯಾವುದನ್ನೇ ಆಗಲಿ ಹಾಕಿಸುವ ಮುನ್ನ, ಇಷ್ಟೊಂದು ರಕ್ತ ಯಾಕೆ ಹೋಗುತ್ತಿದೆ ಎಂದು ನೋಡಿಸಬೇಕು. ಒಂದು ಸ್ಕ್ಯಾನಿಂಗ್, ಥೈರಾಯ್ಡ್ ಪರೀಕ್ಷೆ. ಗರ್ಭಕೋಶದಲ್ಲಿ ಗಡ್ಡೆ ಇದ್ದು ಒಳಗಿನ ಆಕಾರ ಕೆಟ್ಟಿದ್ದರೆ ವಂಕಿ ಸರಿಯಾಗಿ ನಿಲ್ಲದೆ ಜಾರಿಬಿಡಬಹುದು. ಒಳಗೆ ಸೋಂಕು ಇದ್ದರೆ ಅದು ವಾಸಿಯಾಗಬೇಕು. ಸ್ತನ ಕ್ಯಾನ್ಸರ್ ಬಂದವರಿಗೆ ಹಾರ್ಮೋನಿನದ್ದು ಬೇಡ. ಮಡಿಕೇರಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ಸ್ತ್ರೀರೋಗ ವಿಭಾಗಕ್ಕೆ ಹೋಗಿ, "ಹಾರ್ಮೋನಿನ ವಂಕಿ ಇಲ್ಲಿ ಸಿಗುತ್ತದಾ, ಇಲ್ಲವಾದರೆ ಹೊರಗಿಂದ ತಂದರೆ ಹಾಕಿಕೊಡುತ್ತೀರಾ?" ಎಂದು ನೇರವಾಗಿ ಕೇಳಿ. ಹಾಕುವ ಖರ್ಚಾದರೂ ಉಳಿದೀತು. ಯಾರಾದರೂ ಈ ಸ್ರಾವಕ್ಕೆ ಗರ್ಭಕೋಶವನ್ನೇ ತೆಗೆಸಿ ಎಂದರೆ, ಇನ್ನೊಬ್ಬ ಡಾಕ್ಟರನ್ನು ಕಾಣದೆ ಒಪ್ಪಬೇಡಿ. 34ಕ್ಕೆ ಅದು ಮೊದಲ ದಾರಿ ಆಗಬಾರದು.

ಹಣ ಹೊಂದಿಸಲು ಆಗಲೇ ಇಲ್ಲ ಅಂದರೆ? ಕಬ್ಬಿಣದ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುತ್ತದೆ, ಇವತ್ತಿನಿಂದಲೇ ಶುರುಮಾಡಿ. ಕಾಫಿ ನಾಡಿನವರಿಗೆ ಹೇಳುವುದು ಕಷ್ಟ, ಆದರೂ ಹೇಳುತ್ತೇನೆ: ಮಾತ್ರೆ ತಿಂದ ಒಂದೆರಡು ಗಂಟೆ ಕಾಫಿ, ಟೀ ಕುಡಿಯಬೇಡಿ. ಕುಡಿದರೆ ಮಾತ್ರೆಯ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ನಿಂಬೆಹಣ್ಣಿನ ಪಾನಕದ ಜೊತೆ ತಿನ್ನಿ. ಕೊಡವರ ಕಕ್ಕಡ ತಿಂಗಳ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ ತಿಂದರೆ ಸಾಕು ಎಂದು ಅತ್ತೆ ಹೇಳುತ್ತಾರಂತೆ. ಪಾಯಸ ತಿನ್ನಿ, ನನಗೂ ಇಷ್ಟ. ವರ್ಷಕ್ಕೊಂದು ದಿನದ ಪಾಯಸದಿಂದ 9.2 ಹನ್ನೆರಡಾಗುವುದಿಲ್ಲ. ವಂಕಿ ಹಾಕಿಸುವವರೆಗೆ ಕಾಂಡೋಮ್ ಇರಲಿ. ಯಾವ ವಂಕಿಯೂ ಲೈಂಗಿಕ ರೋಗಗಳನ್ನು ತಡೆಯುವುದಿಲ್ಲ ಎಂಬುದನ್ನೂ ನೆನಪಿಡಿ.

ಹಾಕಿಸಿದ ಮೇಲೆ ಮುಟ್ಟು ಮುಗಿದಾಗಲೆಲ್ಲ ಬೆರಳಿನಿಂದ ದಾರ ಇದೆಯೇ ನೋಡಿಕೊಳ್ಳಿ. ದಾರ ಸಿಗದಿದ್ದರೆ, ಗಟ್ಟಿ ಪ್ಲಾಸ್ಟಿಕ್ ಕೈಗೆ ತಾಗಿದರೆ, ಜ್ವರದ ಜೊತೆ ಕೆಟ್ಟ ವಾಸನೆಯ ಬಿಳಿ ಹೋದರೆ ಆಸ್ಪತ್ರೆಗೆ ಹೋಗಿ. ವಂಕಿ ಇದ್ದೂ ಬಸಿರಿನ ಅನುಮಾನ ಬಂದು, ಹೊಟ್ಟೆಯ ಒಂದು ಪಕ್ಕ ತೀವ್ರವಾಗಿ ನೋಯುತ್ತಿದ್ದರೆ ಅದೇ ದಿನ ಹೋಗಬೇಕು. ಗರ್ಭ ಟ್ಯೂಬಿನಲ್ಲಿ ನಿಂತಿರಬಹುದು.

ಇನ್ನೊಂದು ಲೆಕ್ಕ ನೋಡಿ. ಈಗ ಮಳೆ ಬಿಡದೆ ಹೊಡೆಯುತ್ತಿದೆ, ತೋಟದಲ್ಲಿ ಕೆಲಸ ಕಡಿಮೆ. ಮಳೆ ಸ್ವಲ್ಪ ಹಿಡಿದ ದಿನ ಬೆಳಗಿನ ಬಸ್ಸಿಗೆ ಮಡಿಕೇರಿಗೆ ಬಂದುಬಿಡಿ. ಈ ತಿಂಗಳು ಪರೀಕ್ಷೆ ಮುಗಿದು ಆಗಸ್ಟಿನಲ್ಲಿ ವಂಕಿ ಹಾಕಿಸಿಕೊಂಡರೆ, ಆ ಕಲೆ ಕಾಣುವ ನಾಲ್ಕೈದು ತಿಂಗಳು ಮನೆಯ ಹತ್ತಿರವೇ ಕಳೆಯುತ್ತದೆ. ಜನವರಿಯಲ್ಲಿ ರೋಬಸ್ಟಾ ಕೊಯ್ಲಿಗೆ ಇಳಿಯುವಾಗ, ಎರಡು ಗಂಟೆಗೊಮ್ಮೆ ಪ್ಯಾಡ್ ಹಿಡಿದುಕೊಂಡು ಮರೆ ಹುಡುಕುವುದು ಬಹುಶಃ ನಿಮಗೆ ಇರುವುದಿಲ್ಲ.

ಸ್ಕ್ಯಾನಿಂಗ್ ಆದ ಮೇಲೆ ಏನು ಬಂತು ಎಂದು ಬರೆಯಿರಿ. ಈ ಸಲ ಅಂಚಿನಲ್ಲಿ ಬೇಡ, ಮೊದಲ ಸಾಲಿನಲ್ಲೇ ಬರೆಯಿರಿ.

ನಿಮ್ಮ ಅಕ್ಕ,
ಸಂಪಾದಕಿ