ಹಿತ್ತಿಲಿಗೆ ರೆಡಿಮೇಡ್ ಶೆಡ್ ತರುವುದಾ, ಕಲ್ಲಿನದ್ದು ಕಟ್ಟಿಸುವುದಾ?

ಕಾಸರಗೋಡಿನ ಮುಳ್ಳೇರಿಯ ಕಡೆಯವರು ಅಂತ ಬರೆದಿದ್ದೀರಿ. ಮದ್ದು ಬಿಡುವ ಪಂಪು, ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದಷ್ಟು ಚಾಲಿ (ಬಿಸಿಲಿಗೆ ಒಣಗಿಸಿದ) ಅಡಿಕೆ ಇಡಲು ತಗಡಿನ ಶೆಡ್ ತರಲಾ, ಕೆಂಪುಕಲ್ಲಿನದ್ದು ಕಟ್ಟಿಸಲಾ ಎಂದು ಕೇಳಿದ್ದೀರಿ. ಮಾರಾಯ್ರೇ, 2018ರಲ್ಲಿ ನಾನೂ ಇದೇ ಲೆಕ್ಕ ಹಾಕುತ್ತಾ ಕೂತಿದ್ದೆ.

ನನ್ನದು ಬದಿಯಡ್ಕ ಹತ್ತಿರ. ಮೇಸ್ತ್ರಿ ಸಿಗಲಿಲ್ಲ. ಸಿಕ್ಕವರು "ಮಳೆ ಕಳೆಯಲಿ" ಎಂದರು. ಸಿಟ್ಟಿನಲ್ಲಿ ಹತ್ತಡಿಗೆ ಎಂಟಡಿಯ ಜಿಐ ಶೀಟಿನ, ಅಂದರೆ ಸತು ಲೇಪಿಸಿದ ಕಬ್ಬಿಣದ ತಗಡಿನ, ಶೆಡ್ ತರಿಸಿದೆ. 85,000 ರೂಪಾಯಿ. ಎರಡೇ ದಿನದಲ್ಲಿ ನಿಂತಿತು. ನೋಡಲು ಬಂದ ಭಾವ "ಬ್ಯಾಂಕಿನ ಲಾಕರ್ ಹಾಗಿದೆ" ಎಂದರು. ನನಗೂ ಖುಷಿಯೇ.

ಆ ವರ್ಷ ಅಡಿಕೆಗೆ ಕೊಳೆರೋಗದ ಮೊದಲ ಮದ್ದು ಬಿಟ್ಟಾಯಿತು. ಉಳಿದ ಅರ್ಧ ಮೂಟೆ ಮೈಲುತುತ್ತನ್ನು ಶೆಡ್ಡಿನ ಮೂಲೆಗೆ ಒರಗಿಸಿ ಇಟ್ಟೆ. ಎರಡನೇ ಮದ್ದಿಗೆ ನಲುವತ್ತೈದು ದಿನ ಇದೆಯಲ್ವಾ, ಅಲ್ಲಿಯವರೆಗೆ ಇರಲಿ ಅಂತ. ನಾನು ಮಾಡಿದ ತಪ್ಪು ಇಷ್ಟೇ. ಆದರೆ ಮುಂದಿನ ವರ್ಷವೂ, ಅದರ ಮುಂದಿನ ವರ್ಷವೂ ಅದೇ ಮೂಲೆಗೇ ಇಟ್ಟೆ.

ನಮ್ಮ ಜೂನ್, ಜುಲೈ ಹೇಗಿರುತ್ತದೆ ನಿಮಗೆ ಗೊತ್ತು. ರಾತ್ರಿ ತಗಡು ಒಳಗಿಂದ ಬೆವರುತ್ತದೆ. ಆ ನೀರು ಮೂಟೆಗೆ ತೊಟ್ಟಿಕ್ಕಿತು. ನೀಲಿ ನೀರು ಗೋಡೆಯ ಬುಡದ ಪಟ್ಟಿಗೆ ಇಳಿಯಿತು. ತುತ್ತಿನ ನೀರು ಮೊದಲು ಶೀಟಿನ ಮೇಲಿನ ಸತುವಿನ ಲೇಪವನ್ನು ತಿನ್ನುತ್ತದೆ, ಆ ಜಾಗದಲ್ಲಿ ತಾಮ್ರ ಕೂರುತ್ತದೆ. ಲೇಪ ಹೋದ ಮೇಲೆ ಕಬ್ಬಿಣದ ಸರದಿ. ಪಕ್ಕದಲ್ಲೇ ಕೂತ ತಾಮ್ರ ತುಕ್ಕನ್ನು ಇನ್ನೂ ಜೋರು ಮಾಡುತ್ತದೆ.

ಇದು ನನಗೆ ಗೊತ್ತಿಲ್ಲದ ವಿಷಯವೇ? 100 ಲೀಟರ್ ನೀರಿಗೆ 1 ಕೆಜಿ ತುತ್ತು, 1 ಕೆಜಿ ಸುಣ್ಣ ಹಾಕಿ ಪ್ರತಿ ವರ್ಷ ಬೋರ್ಡೋ ಎಂಬ ಆ ಮದ್ದನ್ನು ಕಲಸುವವನು ನಾನೇ. ಕಲಸಿದ ಮೇಲೆ ಕತ್ತಿಯ ತುದಿ ಅದ್ದಿ ನೋಡುವವನೂ ನಾನೇ. ಕಬ್ಬಿಣ ಕೆಂಪಾದರೆ ಸುಣ್ಣ ಸಾಲದು ಎಂದು ಲೆಕ್ಕ. ಕಬ್ಬಿಣ ಆಗುವುದಿಲ್ಲ ಅಂತಲೇ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕಲಸುವುದು. ಡ್ರಮ್ಮಿಗೆ ಕೊಟ್ಟ ಮರ್ಯಾದೆಯನ್ನು ಶೆಡ್ಡಿಗೆ ಕೊಡಲಿಲ್ಲ!

ಮೂರನೇ ಮಳೆಗಾಲದಲ್ಲಿ ಮೂಲೆಯನ್ನು ಹೆಬ್ಬೆರಳಲ್ಲಿ ಒತ್ತಿದೆ. ಬೆರಳು ಆಚೆ ಹೋಯಿತು. ಬುಡದ ಪಟ್ಟಿ ಬೋಲ್ಟಿನ ಹತ್ತಿರ ಹಪ್ಪಳದ ಹಾಗೆ ಮುರಿಯುತ್ತಿತ್ತು. ವಾರದೊಳಗೆ ಒಂದು ಗಾಳಿಮಳೆಗೆ ಇಡೀ ಶೆಡ್ ಓರೆಯಾಯಿತು. ನೀರು ನುಗ್ಗಿ ಎರಡು ಮೂಟೆ ಚಾಲಿಗೆ ಬೂಷ್ಟು ಹಿಡಿಯಿತು. ಮಾರಿದವರನ್ನು ಬೈಯುವ ಹಾಗಿಲ್ಲ, ತುತ್ತು ಇಡುತ್ತೇನೆ ಅಂತ ನಾನು ಅವರಿಗೆ ಹೇಳಿಯೇ ಇರಲಿಲ್ಲ.

ಇನ್ನು ನಿಮ್ಮ ಪ್ರಶ್ನೆ. ದನ ಕೊಟ್ಟು ಎರಡು ವರ್ಷವಾಯಿತು, ಹಟ್ಟಿ ಖಾಲಿ ಬಿದ್ದಿದೆ ಎಂದು ನೀವೇ ಬರೆದಿದ್ದೀರಿ. ಮತ್ತೆ ಶೆಡ್ ಯಾಕೆ? ತರುವುದೂ ಬೇಡ, ಕಟ್ಟಿಸುವುದೂ ಬೇಡ. ನಾನೂ ಕೊನೆಗೆ ಹಟ್ಟಿಗೇ ಬಂದೆ. ಒಡೆದ ಹಂಚು ಬದಲಿಸಿದೆ, ಮಾಡಿನ (ಛಾವಣಿಯ) ಮರದಲ್ಲಿ ಗೆದ್ದಲು ತಿಂದ ನಾಲ್ಕು ಪಕ್ಕಾಸು, ಒಂದಷ್ಟು ರೀಪು ಹೊಸದು ಹಾಕಿಸಿದೆ, ತೆರೆದ ಬದಿಗೆ ಕಲ್ಲು ಕಟ್ಟಿಸಿ ಬಾಗಿಲು ಇಡಿಸಿದೆ. ಗಂಜಲ ಹೋಗಲು ನೆಲಕ್ಕೆ ಇಳಿಜಾರು ಹೇಗೂ ಇರುತ್ತದೆ, ಪಂಪು ತೊಳೆದ ನೀರೂ ಹಾಗೇ ಹೋಗುತ್ತದೆ. ಹಂಚಿನ ಮಾಡು ತಗಡಿನಷ್ಟು ಬೆವರುವುದಿಲ್ಲ. ಹಟ್ಟಿಯ ನೆಲ ಮಾತ್ರ ಸದಾ ತೇವ, ಆದ್ದರಿಂದ ಮೂಟೆಗಳ ಅಡಿಗೆ ಹಲಗೆ ಬೇಕೇ ಬೇಕು.

ತುತ್ತು ಮುಚ್ಚಳವಿರುವ ಪ್ಲಾಸ್ಟಿಕ್ ಡ್ರಮ್ಮಿನಲ್ಲಿರಲಿ. ಅಡಿಕೆಯಿಂದ ದೂರ, ಮಕ್ಕಳ ಕೈಗೆ ಸಿಗದ ಕಡೆ. ಪಂಪನ್ನು ತೊಳೆಯದೆ ಒಳಗೆ ಇಡಬೇಡಿ.

ಹಟ್ಟಿ ಮನೆಯಿಂದ ದೂರ, ಕಳ್ಳರ ಹೆದರಿಕೆ ಎಂದೂ ಬರೆದಿದ್ದೀರಿ. ಒಳ್ಳೆ ಬೀಗ ಹಾಕಿ. ನನ್ನ ಶೆಡ್ಡಿನ ಒಳ್ಳೆ ಶೀಟುಗಳೆಲ್ಲ ಈಗ ಬಚ್ಚಲಿನ ಕಟ್ಟಿಗೆಗೆ ಮಾಡಾಗಿವೆ. ಬಾಗಿಲು ಮಾತ್ರ ಬೀಗದ ಸಮೇತ ಗೋಡೆಗೆ ಒರಗಿಕೊಂಡಿದೆ. ಆ ಕಡೆ ಬಂದರೆ ಕೊಂಡುಹೋಗಿ.