ಚಿನ್ನದ ನಶ್ಯದ ಡಬ್ಬಿ: ಪ್ಯಾರಿಸ್ಸಿನದೋ, ಹನಾವಿನದೋ?

ಪ್ರಶ್ನೆ: ನಾನು ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ನೆಲೆಸಿದ್ದೇನೆ. ಇಲ್ಲಿನ ಹಳೆಯ ವಸ್ತುಗಳ ವ್ಯಾಪಾರಿಯೊಬ್ಬರು ಅಂಡಾಕಾರದ ಚಿನ್ನದ ನಶ್ಯದ ಡಬ್ಬಿಯೊಂದನ್ನು ತೋರಿಸಿ, ಅದು 1770ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ ತಯಾರಾದದ್ದೆಂದೂ ಫ್ರಾನ್ಸಿನ ದೊರೆ ಯಾರಿಗೋ ಉಡುಗೊರೆಯಾಗಿ ಕೊಟ್ಟದ್ದೆಂದೂ ಹೇಳುತ್ತಾರೆ. ಒಳಗೆ ನಾಲ್ಕಾರು ಸಣ್ಣ ಮುದ್ರೆಗಳಿವೆ. ಒರೆಗಲ್ಲಿಗೆ ಉಜ್ಜಿಸಿ ನೋಡಿದರೆ ಸತ್ಯ ತಿಳಿದೀತೇ?

ಉತ್ತರ: ದಯವಿಟ್ಟು ಒರೆಗಲ್ಲಿಗೆ ಉಜ್ಜಿಸಬೇಡಿ. ಒರೆಗಲ್ಲು ಚಿನ್ನದ ಶುದ್ಧಿಯನ್ನು ಹೇಳೀತೇ ಹೊರತು, ಡಬ್ಬಿಯನ್ನು ಯಾರು, ಎಲ್ಲಿ, ಯಾವಾಗ ಮಾಡಿದರೆಂಬುದನ್ನು ಹೇಳಲಾರದು. ಇಂಥ ಡಬ್ಬಿಯ ಬೆಲೆಯಲ್ಲಿ ಚಿನ್ನದ ತೂಕದ ಪಾಲು ಸಣ್ಣದು, ಕುಸುರಿಯ ಪಾಲು ದೊಡ್ಡದು. ಒಮ್ಮೆ ಉಜ್ಜಿ ಸವೆಸಿದ ಕೆತ್ತನೆಯ ಅಂಚು ಮರಳಿ ಬರುವುದಿಲ್ಲ. ಶುದ್ಧಿ ತಿಳಿಯಲೇಬೇಕೆಂದರೆ ಎಕ್ಸ್-ರೇ ಯಂತ್ರದಿಂದ ಗೀರಿಲ್ಲದೆ ತಿಳಿಯಬಹುದು. ಅಂದಿನ ಪ್ಯಾರಿಸ್ಸಿನಲ್ಲಿ ಸಣ್ಣ ವಸ್ತುಗಳ ಚಿನ್ನ ಸುಮಾರು 20 ಕ್ಯಾರೆಟ್ ಇರುತ್ತಿತ್ತು. 14ರ ಆಸುಪಾಸು ಬಂದರೆ ವ್ಯಾಪಾರಿಯ ಮಾತು ಅಲ್ಲಿಗೇ ಬಿದ್ದುಹೋಗುತ್ತದೆ.

ನೀವು ಓದಬೇಕಾದದ್ದು ಆ ಮುದ್ರೆಗಳನ್ನು. ಹದಿನೆಂಟನೆಯ ಶತಮಾನದ ಪ್ಯಾರಿಸ್ಸಿನಲ್ಲಿ ಅಕ್ಕಸಾಲಿಗರ ಸಂಘ ಬಹಳ ಬಿಗಿಯಾಗಿತ್ತು. ಸ್ವಂತ ಮುದ್ರೆಯ ಹಕ್ಕುಳ್ಳವರ ಸಂಖ್ಯೆಯನ್ನು 300ಕ್ಕೆ ಮಿತಿಗೊಳಿಸಲಾಗಿತ್ತು. ಕುಶಲಕರ್ಮಿ ಮೊದಲು ತನ್ನ ಮುದ್ರೆಯನ್ನು, ಅಂದರೆ ಕಿರೀಟ ಹೊತ್ತ ಲಿಲ್ಲಿ ಹೂವಿನ ಕೆಳಗೆ ತನ್ನ ಹೆಸರಿನ ಅಕ್ಷರಗಳು ಮತ್ತು ತನ್ನದೇ ಒಂದು ಚಿಹ್ನೆಯನ್ನು ಒತ್ತುತ್ತಿದ್ದ. ಕೆಲಸ ಮುಗಿಯುವ ಮೊದಲೇ ಡಬ್ಬಿಯ ಭಾಗಗಳು ಸುಂಕದ ಗುತ್ತಿಗೆದಾರನ, ಅಂದರೆ ದೊರೆಯ ಪರವಾಗಿ ತೆರಿಗೆ ವಸೂಲಿ ಮಾಡುವ ಗುತ್ತಿಗೆ ಹಿಡಿದವನ, ಕಚೇರಿಗೆ ಹೋಗಿ, ತೆರಿಗೆ ಬಾಕಿಯಿದೆ ಎಂದು ಸಾರುವ ಮುದ್ರೆ ಪಡೆಯುತ್ತಿದ್ದವು. ಸಂಘದವರು ಶುದ್ಧಿಯನ್ನು ಪರೀಕ್ಷಿಸಿ ಆ ವರ್ಷದ ಅಕ್ಷರವನ್ನು ಒತ್ತುತ್ತಿದ್ದರು. ಕೆಲಸ ಮುಗಿದು ತೆರಿಗೆ ಸಂದಾಯವಾದ ಮೇಲೆ ಬಹಳ ಚಿಕ್ಕದಾದ ಬಿಡುಗಡೆಯ ಮುದ್ರೆಯೊಂದು ಅಂಚಿನ ಮೇಲೆ ಬೀಳುತ್ತಿತ್ತು. ವರ್ಷದ ಅಕ್ಷರ ಪ್ರತಿವರ್ಷ ಬದಲಾಗುತ್ತಿತ್ತು, ಗುತ್ತಿಗೆದಾರ ಬದಲಾದಾಗಲೆಲ್ಲ ಅವನ ಚಿಹ್ನೆಗಳೂ ಬದಲಾಗುತ್ತಿದ್ದವು. ಉದಾಹರಣೆಗೆ 1775ರಿಂದ 1781ರವರೆಗಿನ ಗುತ್ತಿಗೆ ಜಾನ್ ಬಾಪ್ತಿಸ್ತ್ ಫುಆಶ್‌ನದು. ಅವನ ಕಾಲದ ಸುಂಕದ ಮುದ್ರೆಯ ಪಕ್ಕದಲ್ಲಿ 1770ರ ಅಕ್ಷರ ಕಂಡರೆ ಎರಡರಲ್ಲೊಂದು ಸುಳ್ಳು.

ಆದ್ದರಿಂದ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯನ್ನು ಹಿಡಿದು ಮುಚ್ಚಳದ ಒಳಮೈ, ತಳ ಮತ್ತು ಪಕ್ಕದ ಗೋಡೆ, ಈ ಮೂರನ್ನೂ ನೋಡಿ. ಪ್ಯಾರಿಸ್ಸಿನ ಡಬ್ಬಿಯಾದರೆ ಮೂರು ಕಡೆಯೂ ಮುದ್ರೆಗಳಿದ್ದು, ಅವು ಒಂದೇ ಕಾಲವನ್ನು ಹೇಳಬೇಕು. ತಳದಲ್ಲಿ ಮಾತ್ರ ಮುದ್ರೆಗಳಿದ್ದು ಮುಚ್ಚಳ ಬರಿದಾಗಿದ್ದರೆ, ಮುಚ್ಚಳವನ್ನು ಆಮೇಲೆ ಕೂಡಿಸಿರುವ ಸಾಧ್ಯತೆಯಿದೆ. ಮುದ್ರೆಗಳ ಜೊತೆಗೆ ಹದ್ದಿನ ತಲೆಯಿದ್ದರೆ ಗಾಬರಿಯಾಗಬೇಡಿ. ಅದು 1838ರಿಂದ ಫ್ರಾನ್ಸಿನಲ್ಲಿ ಬಳಕೆಗೆ ಬಂದ ಗುರುತು, ಹಳೆಯ ಡಬ್ಬಿ ಮತ್ತೆ ಮಾರಾಟಕ್ಕೆ ಬಂದಾಗಲೂ ಬಿದ್ದಿರಬಹುದು.

ಕೀಲನ್ನೂ ಗಮನಿಸಿ. ನಶ್ಯ ಒಣಗಿದರೆ ಅದರ ಘಮ ಹೋಗುತ್ತದೆ, ಹಾಗಾಗಿ ಮುಚ್ಚಳ ಗಾಳಿಯಾಡದಂತೆ ಕೂರಲೇಬೇಕಾಗಿತ್ತು. ಒಳ್ಳೆಯ ಪ್ಯಾರಿಸ್ ಡಬ್ಬಿಯಲ್ಲಿ ಕೀಲು ಎಲ್ಲಿದೆಯೆಂದು ಹುಡುಕಬೇಕಾಗುತ್ತದೆ. ಇಡೀ ಕಸುಬಿನಲ್ಲಿ ನನ್ನನ್ನು ಅತಿ ಹೆಚ್ಚು ಬೆರಗುಗೊಳಿಸುವುದು ವಜ್ರವಲ್ಲ, ಚಿತ್ರವಲ್ಲ, ಆ ಕೀಲು.

ನೀವಿರುವ ಊರಿನ ಕಾರಣಕ್ಕೆ ಇನ್ನೊಂದು ಮಾತನ್ನು ಹೇಳಲೇಬೇಕು. ಫ್ರಾಂಕ್‌ಫರ್ಟ್‌ನ ಪಕ್ಕದ ಹನಾವು, ಧರ್ಮದ ಕಾರಣಕ್ಕೆ ವಲಸೆ ಬಂದ ಪ್ರಾಟೆಸ್ಟೆಂಟ್ ಅಕ್ಕಸಾಲಿಗರಿಂದ ಬೆಳೆದ ಊರು. ಅಲ್ಲಿ ಸುಶೇ ಸಹೋದರರಂಥ ಕುಶಲಿಗಳು ಫ್ರೆಂಚ್ ಶೈಲಿಯಲ್ಲಿ ಸೊಗಸಾದ ಡಬ್ಬಿಗಳನ್ನು ಮಾಡಿದರು, ಅಲ್ಲಿನ ಹಲವು ಡಬ್ಬಿಗಳ ಮೇಲೆ ಪ್ಯಾರಿಸ್ಸಿನವನ್ನು ಹೋಲುವ ಮುದ್ರೆಗಳೂ ಬಿದ್ದವು. ದೂರದಿಂದ ನೋಡಿದರೆ ಅಚ್ಚೊತ್ತಿದಂತೆ ಒಂದೇ ಬಗೆ, ಆದರೆ ಮುದ್ರೆಗಳ ಕಾಲಲೆಕ್ಕ ಅಲ್ಲಿ ಕೂಡಿಬರುವುದಿಲ್ಲ. ಹಾಗೆಂದು ಹನಾವಿನ ಕೆಲಸವನ್ನು ನಕಲಿ ಎಂದು ತಳ್ಳುವುದು ಅನ್ಯಾಯ. ಹನಾವಿನದೆಂದು ಹೇಳಿ, ಹನಾವಿನ ಬೆಲೆಗೆ ಕೊಟ್ಟರೆ ಅದು ಸಂತೋಷದಿಂದ ಕೊಳ್ಳಬೇಕಾದ ವಸ್ತು. ಮುದ್ರೆಯೇ ಇಲ್ಲದಿದ್ದರೂ ಡಬ್ಬಿ ಹುಸಿಯೆಂದಲ್ಲ: ಪ್ರಷ್ಯದ ದೊರೆ ಎರಡನೆಯ ಫ್ರೆಡರಿಕ್‌ಗಾಗಿ ಬರ್ಲಿನ್ನಿನಲ್ಲಿ ಮಾಡಿದ, ವಜ್ರಗಳಿಂದ ತುಂಬಿದ ದೊಡ್ಡ ಡಬ್ಬಿಗಳಲ್ಲಿ ಬಹುಪಾಲಿಗೆ ಮುದ್ರೆಯಿಲ್ಲ.

ಇನ್ನು ದೊರೆಯ ಉಡುಗೊರೆಯ ಕಥೆ. ಫ್ರಾನ್ಸಿನ ದೊರೆಗಳು ರಾಯಭಾರಿಗಳಿಗೆ ಕೊಡುತ್ತಿದ್ದುದು ಸಾಮಾನ್ಯವಾಗಿ ದೊರೆಯ ಪುಟ್ಟ ಭಾವಚಿತ್ರವುಳ್ಳ, ವಜ್ರ ಕೂರಿಸಿದ ಡಬ್ಬಿ. ಪಡೆದವರಲ್ಲಿ ಅನೇಕರು ಅದನ್ನು ಆಭರಣ ವ್ಯಾಪಾರಿಗೇ ಹಿಂತಿರುಗಿಸಿ ಹಣ ಪಡೆಯುತ್ತಿದ್ದರು, ಅದೇ ಡಬ್ಬಿ ಮತ್ತೊಬ್ಬರಿಗೆ ಹೋಗುತ್ತಿತ್ತು. ಹಾಗಾಗಿ ಬರಹದ ದಾಖಲೆಯಿಲ್ಲದ ಬಾಯಿಮಾತಿಗೆ ಒಂದು ಯೂರೋವನ್ನೂ ಹೆಚ್ಚು ಕೊಡಬೇಡಿ. ಒಡೆತನ ಖಚಿತವಾಗಿದ್ದರೆ ಬೆಲೆ ಎಲ್ಲಿಗೆ ಏರುತ್ತದೆಂಬುದಕ್ಕೆ, ಪ್ಯಾರಿಸ್ಸಿನ ಅಕ್ಕಸಾಲಿಗ ರೂಸೆಲ್ 1770–71ರಲ್ಲಿ ಮಾಡಿ, ಚಿತ್ರಕಾರ ವ್ಯಾನ್ ಬ್ಲಾರೆನ್‌ಬರ್ಗ್ ಪುಟ್ಟ ಚಿತ್ರಗಳನ್ನು ಬರೆದ, ಫ್ರಾನ್ಸಿನ ಮಂತ್ರಿಯಾಗಿದ್ದ ಶ್ವಾಸಲ್ ಡ್ಯೂಕನ ಡಬ್ಬಿಯೇ ಸಾಕ್ಷಿ. ಡ್ಯೂಕನ ಮನೆಯ ಒಳಕೋಣೆಗಳ ಚಿತ್ರಗಳನ್ನೇ ಹೊತ್ತಿರುವ ಆ ಡಬ್ಬಿಗಾಗಿ ಲೂವ್ರ್ ಸಂಗ್ರಹಾಲಯ ಸಾರ್ವಜನಿಕರಿಂದ ದೇಣಿಗೆ ಎತ್ತಿತು.

ಹಣ ಕೊಡುವ ಮುನ್ನ ಕದ್ದ ವಸ್ತುಗಳ ಪಟ್ಟಿಯಲ್ಲಿ ಹುಡುಕಿಸಿ. 2003ರ ಜೂನ್‌ನಲ್ಲಿ ಇಂಗ್ಲೆಂಡಿನ ವ್ಯಾಡ್ಸ್‌ಡನ್ ಬಂಗಲೆಯಿಂದ ನೂರಕ್ಕೂ ಹೆಚ್ಚು ಡಬ್ಬಿಗಳು ಕಳವಾದವು; ಅವುಗಳಲ್ಲಿ ಹಲವು ಮರಳಿ ಸಿಕ್ಕಿಲ್ಲ. 2024ರ ನವೆಂಬರ್‌ನಲ್ಲಿ ಪ್ಯಾರಿಸ್ಸಿನ ಕೋನ್ಯಾಕ್-ಜೆ ಸಂಗ್ರಹಾಲಯಕ್ಕೆ ಹಗಲಿನಲ್ಲೇ ಕೊಡಲಿ ಹಿಡಿದವರು ನುಗ್ಗಿ ಏಳು ಡಬ್ಬಿಗಳನ್ನು ಒಯ್ದರು. ಮುಚ್ಚಳ, ತಳ, ಗೋಡೆ, ಅಂಚು ಮತ್ತು ಕೀಲಿನ ಛಾಯಾಚಿತ್ರಗಳನ್ನು ವ್ಯಾಪಾರಿಯಿಂದ ಕೇಳಿ ಪಡೆದು ನನಗೂ ಕಳುಹಿಸಿ. ಅವರು ಕೊಡಲು ಹಿಂಜರಿದರೆ ಅಂಗಡಿಯಿಂದ ಹೊರಟುಬನ್ನಿ.