ಟಿ.ಸಿ. ಕೊಟ್ಟುಬಿಡಿ ಎಂದ ಹುಡುಗಿ

ಹೆಸರು, ಊರು, ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಹುಡುಗಿ ಒಪ್ಪಿದ್ದಾಳೆ. ಇಲ್ಲಿ ಅವಳನ್ನು ಸುಮ ಎಂದು ಕರೆಯುತ್ತೇನೆ.

ಸುಮ ಮೈಸೂರಿನ ಒಂದು ಸಣ್ಣ ಕಲಾ ಕಾಲೇಜಿನಲ್ಲಿ ಬಿ.ಎ. ಎರಡನೇ ಸೆಮಿಸ್ಟರ್. ವಯಸ್ಸು 19. ಪಾಂಡವಪುರದ ಕಡೆಯ ಹಳ್ಳಿ. ಅಪ್ಪನಿಗೆ ಸ್ವಲ್ಪ ಜಮೀನು, ಕಬ್ಬು ಮತ್ತು ಭತ್ತ. ಅವ್ವ ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಾರೆ. ಆ ಮನೆಯಲ್ಲಿ ಪಿಯುಸಿ ದಾಟಿದ್ದು ಇವಳೊಬ್ಬಳೇ. ನಮ್ಮ ಕಾಲೇಜಿನಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ವರ್ಷದ ಮಧ್ಯೆ ಯಾರಾದರೂ ಟಿ.ಸಿ. ಕೇಳಿದರೆ ಅರ್ಜಿ ಕೊಡುವ ಮೊದಲು ಆಪ್ತಸಲಹೆಗಾರ್ತಿಯಾದ ನನ್ನ ರೂಮಿಗೆ ಕಳಿಸುತ್ತಾರೆ. ಸುಮ ಬಂದದ್ದೂ ಹಾಗೆಯೇ.

"ಓದು ಬ್ಯಾಡ ಮೇಡಂ. ಇಂಟ್ರೆಸ್ಟ್ ಇಲ್ಲ. ಸೈನ್ ಹಾಕ್ಬುಡಿ ಸಾಕು" ಎಂದಳು.

ಇಂಟ್ರೆಸ್ಟ್ ಇಲ್ಲ ಅನ್ನುವ ಮಾತನ್ನು ನಾನು ಸುಲಭಕ್ಕೆ ಒಪ್ಪುವುದಿಲ್ಲ. ಓದು ನಿಜವಾಗಿ ಬೇಡವಾದ ಮಕ್ಕಳು ಟಿ.ಸಿ. ಕೇಳಲು ಬರುವುದೇ ಕಡಿಮೆ. ಸುಮ್ನೆ ಬರುವುದನ್ನು ನಿಲ್ಲಿಸಿಬಿಡುತ್ತಾರೆ. ಅರ್ಜಿ ಬರೆದು, ಕೌಂಟರ್ ಮುಂದೆ ನಿಂತು ಕೇಳುತ್ತಾರೆ ಅಂದರೆ, ಬಿಡುವ ಮೊದಲು ಒಬ್ಬರಾದರೂ ಯಾಕೆ ಅಂತ ಕೇಳಲಿ ಅನ್ನುವ ಆಸೆ ಎಲ್ಲೋ ಇರುತ್ತದೆ. ನನ್ನ ಅನುಭವದಲ್ಲಿ ಇದು ಹೆಚ್ಚಾಗಿ ನಿಜವಾಗಿದೆ.

ಅವಳ ಬಗ್ಗೆ ಒಬ್ಬ ಲೆಕ್ಚರರ್ ಮೊದಲೇ ಚೀಟಿ ಬರೆದಿದ್ದರು. ಮೊದಲ ಪೀರಿಯಡ್‌ಗೆ ಬರುವುದಿಲ್ಲ, ಮಧ್ಯಾಹ್ನ ತೂಕಡಿಸುತ್ತಾಳೆ, ಅಟೆಂಡೆನ್ಸ್ ಶೇಕಡಾ 75ಕ್ಕಿಂತ ಕೆಳಗೆ ಇಳಿದಿದೆ, ಡಿಪ್ರೆಶನ್ ಇರಬಹುದು ಎಂದು. ಕಾಳಜಿಯಿಂದಲೇ ಬರೆದದ್ದು. ಆದರೆ ಕಾಯಿಲೆಯ ಹೆಸರು ಹೇಳುವ ಮೊದಲು ದಿನಚರಿ ಕೇಳಬೇಕು. ಯಾವ ವಿದ್ಯಾರ್ಥಿ ಬಂದರೂ ಏಳುವುದರಿಂದ ಮಲಗುವವರೆಗೆ ಒಂದು ಮಾಮೂಲಿ ದಿನವನ್ನು ಬಿಡಿಸಿ ಹೇಳು ಅನ್ನುತ್ತೇನೆ.

ಸುಮ ನಾಲ್ಕೂವರೆಗೆ ಏಳುತ್ತಾಳೆ. ಕೊಟ್ಟಿಗೆ ಬಾಚಿ, ಸಗಣಿ ಎತ್ತಿ, ಡೇರಿಗೆ ಹಾಲು ಹಾಕಿ ಬಂದು, ಏಳು ಗಂಟೆಗೆ ಊರ ಗೇಟಿನಲ್ಲಿ ನಿಲ್ಲುತ್ತಾಳೆ. ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿಗೆ ದುಡ್ಡು ಬೇಕಿಲ್ಲ. 2023ರ ಜೂನ್‌ನಲ್ಲಿ ಅದು ಶುರುವಾಗದೆ ಇದ್ದಿದ್ದರೆ ಇಂಥ ಎಷ್ಟೋ ಹೆಣ್ಣುಮಕ್ಕಳು ಮೈಸೂರಿನ ಕಾಲೇಜಿಗೆ ಸೇರುತ್ತಲೇ ಇರಲಿಲ್ಲ. ಆದರೆ ತುಂಬಿ ಬಂದ ಬಸ್ಸು ಗೇಟಿನಲ್ಲಿ ನಿಲ್ಲುವುದಿಲ್ಲ. ಎರಡನೆಯದೋ ಮೂರನೆಯದೋ ಹತ್ತಿ, ಶ್ರೀರಂಗಪಟ್ಟಣದಲ್ಲಿ ಬದಲಿಸಿ, ಮೈಸೂರಲ್ಲಿ ಇಳಿದು ನಡೆದು ಬರುವಷ್ಟರಲ್ಲಿ ಮೊದಲ ಪೀರಿಯಡ್ ಮುಗಿದಿರುತ್ತದೆ. ತಿಂಡಿ ತಿನ್ನದೆ ಬರುವುದೇ ಜಾಸ್ತಿ.

ಮೇಜಿನ ಮೇಲೆ ಅವಳ ನೀರಿನ ಬಾಟಲಿ ಇತ್ತು. ಆಗ ಮಧ್ಯಾಹ್ನ ಮೂರು ದಾಟಿತ್ತು. ಬಾಟಲಿ ಕತ್ತಿನವರೆಗೆ ತುಂಬಿತ್ತು. ಈಗ ತುಂಬಿಸಿದ್ದಾ ಅಂತ ಕೇಳಿದೆ. "ಇಲ್ಲ, ಬೆಳಗ್ಗೆದು" ಎಂದಳು. ಆಮೇಲೆ ತಲೆ ತಗ್ಗಿಸಿ, "ಕುಡುದ್ರೆ ಓಗ್ಬೇಕಾಯ್ತದೆ. ಅಲ್ಲಿ ಬಾಗ್ಲಿಗೆ ಚಿಲಕ ಇಲ್ಲ" ಎಂದಳು.

ಮನೆ ಬಿಟ್ಟಲ್ಲಿಂದ ಮನೆ ಸೇರುವವರೆಗೆ ನೀರು ಕುಡಿಯದೆ, ಅರೆಹೊಟ್ಟೆಯಲ್ಲಿ, ಐದು ಗಂಟೆ ನಿದ್ದೆಯಲ್ಲಿ ಇರುವ ಯಾರಿಗಾದರೂ ತಲೆ ನೋಯುತ್ತದೆ, ತೂಕಡಿಕೆ ಬರುತ್ತದೆ. ನೀರು ತಡೆದು, ಮೂತ್ರ ಕಟ್ಟಿಕೊಂಡು ಕೂರುವ ಹೆಣ್ಣುಮಕ್ಕಳಿಗೆ ಉರಿಮೂತ್ರದ ಸೋಂಕು ಬೇಗ ಅಂಟಿಕೊಳ್ಳುತ್ತದೆ. ಸುಮಳಿಗೂ ಹಿಂದಿನ ತಿಂಗಳು ಬಂದಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ಹಾಗಂತ ಮನಸ್ಸಿನ ವಿಷಯವನ್ನು ಪಕ್ಕಕ್ಕೆ ಇಡಲಿಲ್ಲ. ನಿದ್ದೆ, ಹಸಿವು, ಅಳು, ಮೊದಲು ಖುಷಿ ಕೊಡುತ್ತಿದ್ದ ಕೆಲಸಗಳು, ಎಲ್ಲವನ್ನೂ ಕೇಳಿದೆ. ಖೋಖೋ ಆಟದ ಮಾತು ಬಂದಾಗ ಮುಖ ಅರಳಿತು. ಸಾಯಬೇಕು ಅಂತ ಅನಿಸಿದೆಯಾ ಎಂದೂ ನೇರವಾಗಿ ಕೇಳಿದೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂದು ಎಷ್ಟೋ ಮೇಷ್ಟ್ರುಗಳು ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳಿದಾಗ ಮಕ್ಕಳಿಗೆ ಹಗುರಾಗುತ್ತದೆ. "ಸಾಯಂಗೆ ಅನ್ಸಿಲ್ಲ ಮೇಡಂ. ಎಲ್ಲಾರ ಓಡೋಗ್ಬುಡನ ಅನ್ಸುತ್ತೆ" ಎಂದಳು. ಆ ಮಾತನ್ನೂ ಹಗುರವಾಗಿ ತೆಗೆದುಕೊಳ್ಳಲಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಅವಳ ಫೋನಿಗೆ ಹಾಕಿಸಿದೆ. ಹಗಲು ರಾತ್ರಿ ಯಾವಾಗ ಬೇಕಾದರೂ ದುಡ್ಡಿಲ್ಲದೆ ಕನ್ನಡದಲ್ಲೇ ಮಾತಾಡಬಹುದು. ಎರಡು ವಾರದಲ್ಲಿ ಹಗುರಾಗದಿದ್ದರೆ ಕೆ.ಆರ್. ಆಸ್ಪತ್ರೆಯ ಮನೋವೈದ್ಯರ ಹತ್ತಿರ ನಾನೇ ಜೊತೆಗೆ ಬರುತ್ತೇನೆ ಎಂದೂ ಹೇಳಿದೆ.

ಟಿ.ಸಿ.ಯ ನಿಜವಾದ ಕಾರಣ ಎರಡನೇ ಭೇಟಿಯಲ್ಲಿ ಬಂತು. ಅಡ್ಮಿಷನ್ ಫೀಸಿಗೆ ಅವ್ವ ಸಂಘದಲ್ಲಿ ಸಾಲ ತೆಗೆದಿದ್ದರು. ಸ್ಕಾಲರ್‌ಶಿಪ್ ಬಂದ ತಕ್ಷಣ ತೀರಿಸೋಣ ಎಂದು ಮಾತು ಕೊಟ್ಟಿದ್ದು ಸುಮಳೇ. ಜೊತೆಯವರಿಗೆಲ್ಲ ದುಡ್ಡು ಬಂತು, ಇವಳಿಗೆ ಬರಲಿಲ್ಲ. ವಾರದ ಕಂತಿನ ಹಿಂದಿನ ರಾತ್ರಿ ಅವ್ವ ಅಡುಗೆಮನೆಯಲ್ಲಿ ಕೂತು ಹತ್ತು, ಇಪ್ಪತ್ತರ ನೋಟು ನೀವಿ ನೀವಿ ಎಣಿಸುತ್ತಾರಂತೆ. ಇವಳು ಚಾಪೆಯ ಮೇಲೆ ಕಣ್ಣು ಮುಚ್ಚಿಕೊಂಡು ಆ ಸದ್ದು ಕೇಳುತ್ತಾಳೆ. ನಾನು ಓದು ಬಿಟ್ಟು ಗಾರ್ಮೆಂಟ್ಸ್‌ಗೆ ಹೋದರೆ ಎರಡು ತಿಂಗಳಲ್ಲಿ ಸಾಲ ತೀರುತ್ತದೆ ಅನ್ನುವುದು ಅವಳ ಲೆಕ್ಕ.

ಆಫೀಸಿನಲ್ಲಿ ಕೇಳಿದೆಯಾ ಅಂದೆ. ಒಂದು ಸಲ ಕೇಳಿದ್ದಳು. "ನಾವು ಕಳಿಸಿದ್ದೀವಿ, ಬಂದಾಗ ಬರುತ್ತೆ" ಎಂದಿದ್ದರು. ಮತ್ತೆ ಕೇಳಲು ನಾಚಿಕೆ.

ನಾನು ಅವಳ ಜೊತೆ ಆಫೀಸಿಗೆ ಹೋದೆ. ಇದು ಆಪ್ತಸಲಹೆಗಾರರ ಕೆಲಸ ಅಲ್ಲ ಎಂದು ಕೆಲವರು ಹೇಳುತ್ತಾರೆ. ನನಗೆ ಹಾಗನಿಸುವುದಿಲ್ಲ. ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದ ಮಗುವಿಗೆ ಆ ಕೌಂಟರ್ ಅಂದರೆ ಭಯ. ಯಾವ ಪ್ರಶ್ನೆ ಕೇಳಬೇಕು ಅನ್ನುವುದೇ ಗೊತ್ತಿರುವುದಿಲ್ಲ. ನಾನು ಅಲ್ಲಿ ಮಾತಾಡಲಿಲ್ಲ. ಮಾತಾಡಿದ್ದು ಅವಳೇ. ಪಕ್ಕದಲ್ಲಿ ನಿಂತಿದ್ದೆ ಅಷ್ಟೆ. ಕೇಸ್ ವರ್ಕರ್ ತಾಳ್ಮೆಯಿಂದ ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ವೆಬ್‌ಸೈಟಾದ ಎಸ್‌ಎಸ್‌ಪಿ ಪೋರ್ಟಲ್ ತೆಗೆದು ಅವಳ ಐಡಿ ಹಾಕಿದರು. ಪರದೆಯ ಮೇಲೆ ದುಡ್ಡು ಜಮೆ ಆಗಿದೆ ಎಂದು ಬಂತು. ಆದರೆ ಅಲ್ಲಿದ್ದ ಬ್ಯಾಂಕು ಬೇರೆ.

ಆಗಿದ್ದು ಇಷ್ಟು. ಕಾಲೇಜಿಗೆ ಸೇರಿದಾಗ ಮೈಸೂರಿನಲ್ಲಿ ಹೊಸ ಖಾತೆ ತೆರೆದು ಅದರ ಪಾಸ್‌ಬುಕ್ ಜೆರಾಕ್ಸ್ ಕೊಟ್ಟಿದ್ದಳು. ಆದರೆ ಸ್ಕಾಲರ್‌ಶಿಪ್ ದುಡ್ಡು ಜೆರಾಕ್ಸ್ ನೋಡಿ ಬರುವುದಿಲ್ಲ. ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಅವಳ ಆಧಾರ್ ಹೈಸ್ಕೂಲಿನಲ್ಲಿದ್ದಾಗ ಊರ ಹತ್ತಿರ ತೆರೆಸಿದ್ದ ಖಾತೆಗೇ ಇನ್ನೂ ಜೋಡಣೆಯಲ್ಲಿತ್ತು. ಆ ಖಾತೆಗೆ ಕೊಟ್ಟಿದ್ದ ಮೊಬೈಲ್ ನಂಬರ್ ಅಪ್ಪನ ಹಳೆಯದು. ಅದು ನಿಂತುಹೋಗಿತ್ತು. ಹಾಗಾಗಿ ಮೆಸೇಜೂ ಬರಲಿಲ್ಲ. ಅವ್ವ ನೋಟು ಎಣಿಸುತ್ತಿದ್ದ ಅಷ್ಟೂ ದಿನ ದುಡ್ಡು ಆ ಹಳೇ ಖಾತೆಯಲ್ಲಿ ಕೂತಿತ್ತು.

ಇದನ್ನು ಓದುವ ವಿದ್ಯಾರ್ಥಿಗಳು ಈಗಲೇ ನೋಡಿಕೊಳ್ಳಿ. ಆಧಾರ್ ವೆಬ್‌ಸೈಟಿನಲ್ಲಿ ನಿಮ್ಮ ನಂಬರ್ ಹಾಕಿದರೆ ಮೊಬೈಲಿಗೆ ಒಟಿಪಿ ಬರುತ್ತದೆ, ಯಾವ ಬ್ಯಾಂಕಿಗೆ ಜೋಡಣೆ ಇದೆ ಅನ್ನುವುದು ಗೊತ್ತಾಗುತ್ತದೆ. ಬೇರೆ ಖಾತೆಗೆ ಬೇಕಿದ್ದರೆ ಆ ಬ್ಯಾಂಕಿಗೇ ಹೋಗಿ ಫಾರಂ ಕೊಡಬೇಕು. ಜಾತಿ, ಆದಾಯ ಪ್ರಮಾಣಪತ್ರದ ಮೇಲೆ ಆರ್.ಡಿ. ಎಂದು ಶುರುವಾಗುವ ನಂಬರ್ ಬರೆದಿಟ್ಟುಕೊಳ್ಳಿ. ಮಾರ್ಕ್ಸ್ ಕಾರ್ಡಿನಲ್ಲಿ ಇರುವ ಹೆಸರೂ ಆಧಾರ್‌ನಲ್ಲಿ ಇರುವ ಹೆಸರೂ ಒಂದೇ ಇದೆಯಾ ನೋಡಿ. ಇನಿಷಿಯಲ್ ಹಿಂದೆ ಮುಂದೆ ಆದರೂ ಅರ್ಜಿ ಸಿಕ್ಕಿಕೊಳ್ಳುತ್ತದೆ.

ಸುಮಳಿಗೆ ನಾನು ಕೊಟ್ಟ ಸಲಹೆಯಲ್ಲಿ ಮುಖ್ಯವಾದದ್ದು ಅವ್ವನನ್ನು ಒಂದು ದಿನ ಕಾಲೇಜಿಗೆ ಕರೆದುಕೊಂಡು ಬಾ ಅನ್ನುವುದು. ಮೊದಲು ಒಪ್ಪಲಿಲ್ಲ. ಅಟೆಂಡೆನ್ಸ್ ವಿಷಯ ತಿಳಿಯುತ್ತದೆ ಅನ್ನುವ ಭಯ. ನೀನು ಒಪ್ಪದೆ ನಾನು ಯಾರಿಗೂ ಹೇಳುವುದಿಲ್ಲ, ಆದರೆ ನೀನೇ ಹೇಳಿದರೆ ಒಳ್ಳೆಯದು ಎಂದೆ. ಕೊನೆಗೆ ಕರೆತಂದಳು. ಅವ್ವ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಮೇಡಮ್ಮೋರೆ, ಇವ್ಳು ಓದ್ಲಿ ಅಂತಾನೇಯ ಸಾಲ ಮಾಡಿದ್ದು. ಬುಟ್ಬುಡು ಅಂತ ನಾನ್ಯಾವತ್ತು ಅಂದೆ?" ಎಂದರು. ಯಾವತ್ತೂ ಅಂದಿರಲಿಲ್ಲ. ಮಗಳೇ ಹಾಗೆ ಅಂದುಕೊಂಡಿದ್ದಳು. ಸಾಲದ ವಿಷಯ ಮನೆಯಲ್ಲಿ ಎಲ್ಲರಿಗೂ ಗೊತ್ತಿರುತ್ತದೆ, ಯಾರೂ ಬಾಯಿಬಿಟ್ಟು ಮಾತಾಡುವುದಿಲ್ಲ. ಮಕ್ಕಳು ಆ ಮೌನದಲ್ಲಿ ತಮ್ಮದೇ ಲೆಕ್ಕ ಹಾಕುತ್ತಾರೆ. ತಂದೆ ತಾಯಂದಿರಿಗೆ ನಾನು ಹೇಳುವುದು ಇದೊಂದೇ: ಎಷ್ಟು ಸಾಲ, ಹೇಗೆ ತೀರಿಸುತ್ತೀರಿ ಅನ್ನುವುದನ್ನು ಮಗುವಿನ ಎದುರು ಕೂತು ಹೇಳಿ.

ಡೇರಿಗೆ ಹಾಲು ಹಾಕುವ ಕೆಲಸವನ್ನು ಕಾಲೇಜು ಇರುವ ದಿನ ಅಣ್ಣನಿಗೆ ಬಿಡುವುದು ಎಂದು ಅವ್ವನೇ ಹೇಳಿದರು. ಅದರಿಂದ ಮೊದಲ ಬಸ್ಸು ಸಿಗುತ್ತದೆ. ಟಿ.ಸಿ. ಬೇಕೇ ಬೇಕಾದರೆ ಪರೀಕ್ಷೆ ಮುಗಿದ ಮೇಲೆ ಕೇಳು, ಮಧ್ಯೆ ತೆಗೆದರೆ ಕೂತ ಕ್ಲಾಸು, ಬರೆದ ಇಂಟರ್ನಲ್ಸ್ ಎಲ್ಲ ನಷ್ಟ ಎಂದು ಸುಮಳಿಗೆ ಹೇಳಿದೆ. ಮೊದಲ ಪೀರಿಯಡ್‌ನ ಲೆಕ್ಚರರ್ ಹತ್ತಿರ ಹೋಗಿ ಬಸ್ಸಿನ ವಿಷಯ ಹೇಳಲು ತಿಳಿಸಿದೆ. ಅವರಿಗೆ ಅದು ಗೊತ್ತೇ ಇರಲಿಲ್ಲ. ಮುಂದಿನ ವರ್ಷಕ್ಕೆ ಹಿಂದುಳಿದ ವರ್ಗದ ಮಕ್ಕಳ ಬಿಸಿಎಂ ಹಾಸ್ಟೆಲ್‌ಗೆ ಅರ್ಜಿ ಹಾಕುವುದು, ಸೀಟು ಸಿಗದಿದ್ದರೆ ಸರ್ಕಾರದ ವಿದ್ಯಾಸಿರಿ ಯೋಜನೆಗೆ ಪ್ರಯತ್ನಿಸುವುದು ಎಂದು ತೀರ್ಮಾನವಾಯಿತು. ಅದರಲ್ಲಿ ಊಟ, ವಸತಿಗೆ ತಿಂಗಳಿಗೆ ಇಷ್ಟು ಎಂದು ದುಡ್ಡು ಕೊಡುತ್ತಾರೆ.

ಕಾಲೇಜಿಗೂ ನನ್ನ ಸಲಹೆ ಹೋಯಿತು. ಸುಮಳ ಹೆಸರು ಹೇಳದೆ ಪ್ರಿನ್ಸಿಪಾಲರಿಗೆ ಚಿಲಕದ ವಿಷಯ ಬರೆದುಕೊಟ್ಟೆ. ಅಟೆಂಡರ್ ಅದೇ ದಿನ ಸಂಜೆ ಚಿಲಕ ಹಾಕಿದರು, ಒಂದು ಬಕೆಟ್ ಮಗ್ಗೂ ಇಟ್ಟರು. ಇಷ್ಟು ಸಣ್ಣ ಕೆಲಸ. ನೂರಾರು ಹುಡುಗಿಯರು ಅದಿಲ್ಲದೆ ಬಾಯಾರಿಕೊಂಡು ಪಾಠ ಕೇಳುತ್ತಿದ್ದರು ಅಂದರೆ ಸಂಕಟವಾಗುತ್ತದೆ. ಮೆಂಟರ್ ಆಗಿರುವ ಪ್ರತಿ ಲೆಕ್ಚರರ್ ವರ್ಷದ ಶುರುವಿನಲ್ಲಿ ತನ್ನ ಮಕ್ಕಳನ್ನು ಆಫೀಸು, ಲೈಬ್ರರಿ, ಸ್ಕಾಲರ್‌ಶಿಪ್ ಮೇಜು, ನನ್ನ ರೂಮು ಎಲ್ಲದಕ್ಕೂ ಒಂದು ಸುತ್ತು ಕರೆದುಕೊಂಡು ಹೋಗಲಿ ಎಂದೂ ಕೇಳಿಕೊಂಡಿದ್ದೇನೆ. ಸಣ್ಣ ಕಾಲೇಜಿನಲ್ಲಿ ಇದು ಒಂದು ಗಂಟೆಯ ಕೆಲಸ.

ಹಳೇ ಖಾತೆಯ ದುಡ್ಡು ಕೈಗೆ ಬರಲು ಕೆವೈಸಿ, ನಂಬರ್ ಬದಲಾವಣೆ ಎಂದು ಇನ್ನೂ ಕೆಲವು ವಾರ ಹಿಡಿಯಿತು. ಸಾಲದಲ್ಲಿ ಅರ್ಧಕ್ಕಿಂತ ಜಾಸ್ತಿ ತೀರಿದೆ. ಸುಮ ಪರೀಕ್ಷೆ ಬರೆದಳು. ಎಕನಾಮಿಕ್ಸ್ ಒಂದು ಪೇಪರ್ ಉಳಿದಿದೆ, ಮತ್ತೆ ಕಟ್ಟಿದ್ದಾಳೆ. ಓಡಿಹೋಗಬೇಕು ಅನ್ನುವ ಮಾತು ಈಗ ಬರುತ್ತಿಲ್ಲ. ಆದರೆ ಸೋದರಮಾವ ಒಂದು ಗಂಡು ನೋಡಿದ್ದಾರೆ. ಡಿಗ್ರಿ ಮುಗಿಯಲಿ ಎಂದು ಅವ್ವ ಹೇಳುತ್ತಿದ್ದಾರೆ, ಅಪ್ಪ ಏನೂ ಹೇಳುತ್ತಿಲ್ಲ. ಮುಂದಿನ ವಾರ ಮಾವನನ್ನೂ ಅಪ್ಪನನ್ನೂ ಕರೆದುಕೊಂಡು ಬರಲು ಹೇಳಿದ್ದೇನೆ. ಸುಮ ತಾನೇ ಮಾತಾಡುತ್ತೇನೆ ಎಂದಿದ್ದಾಳೆ.